ಅಂಗಡಿಯವರ ಸ್ವಂತ ಹೆಸರಿನ ಸಿಂಥೆಟಿಕ್ ಆಯಿಲ್ ಹಾಕಬಹುದಾ?

ಪ್ರಶ್ನೆ: ನಾನು ಮಂಡ್ಯದವನು. ಕೆಲಸ ಮೈಸೂರಿನಲ್ಲಿ, ದಿನಾ ಕಾರಿನಲ್ಲೇ ಓಡಾಟ. 2016ರ ಪೆಟ್ರೋಲ್ ಕಾರು, 1.2 ಲೀಟರ್ ಇಂಜಿನ್, 92 ಸಾವಿರ ಕಿಲೋಮೀಟರ್ ಆಗಿದೆ. ಗಾಡಿಯ ಪುಸ್ತಕದಲ್ಲಿ 5ಡಬ್ಲ್ಯು-30 ಆಯಿಲ್ ಅಂತ ಇದೆ. ಇಷ್ಟು ದಿನ ಹೆಸರಾದ ಕಂಪನಿಯ ಸಿಂಥೆಟಿಕ್ ಆಯಿಲ್ ಹಾಕಿಸುತ್ತಿದ್ದೆ. ಈಗ ಒಂದು ಆನ್‌ಲೈನ್ ಅಂಗಡಿಯವರು ತಮ್ಮದೇ ಹೆಸರಿನ ‘ಫುಲ್ ಸಿಂಥೆಟಿಕ್’ ಆಯಿಲನ್ನು ಹೆಚ್ಚುಕಮ್ಮಿ ಅರ್ಧ ಬೆಲೆಗೆ ಕೊಡುತ್ತಿದ್ದಾರೆ. ಅಮೆರಿಕದಲ್ಲಿರುವ ನಮ್ಮ ಭಾವ, ಅಲ್ಲಿ ತುಂಬಾ ಜನ ಅಂಗಡಿಯವರ ಆಯಿಲ್ಲೇ ಹಾಕೋದು, ಏನೂ ವ್ಯತ್ಯಾಸ ಇಲ್ಲ ಅಂತಾರೆ. ನಮ್ಮ ಗ್ಯಾರೇಜಿನವರು ‘ಬೇಡವೇ ಬೇಡ, ಇಂಜಿನ್ ಕೂತ್ಕೊಳ್ಳುತ್ತೆ’ ಅಂತಾರೆ. ಯಾರ ಮಾತು ಕೇಳಲಿ? ಇನ್ನೊಂದು ವಿಷಯ: ಡಬ್ಬ 3.5 ಲೀಟರಿನದು, ಕಾರಿಗೆ ಹಿಡಿಯೋದು 3.1. ಉಳಿದದ್ದನ್ನು ಬೈಕಿಗೆ ಹಾಕಬಹುದಾ?

ಉತ್ತರ: ಡಬ್ಬದ ಮೇಲೆ ಬರೆದಿರುವುದು ನಿಜವಾಗಿದ್ದರೆ, ಅಂಗಡಿಯವರ ಆಯಿಲ್ ನಿಮ್ಮ ಕಾರಿಗೆ ಧಾರಾಳವಾಗಿ ಸಾಕು. ಇಂಜಿನ್ ಕೂತುಕೊಳ್ಳುವುದಿಲ್ಲ. ಆದರೆ ನಮ್ಮ ಕಡೆ ಈ ‘ನಿಜವಾಗಿದ್ದರೆ’ ಅನ್ನುವ ಮಾತಿಗೆ ತೂಕ ಜಾಸ್ತಿ. ಅಂಗಡಿಯವರ ಡಬ್ಬಕ್ಕೆ ಮಾತ್ರ ಅಲ್ಲ, ನೀವು ಇಷ್ಟು ದಿನ ನಂಬಿಕೊಂಡು ಬಂದ ದೊಡ್ಡ ಹೆಸರಿನ ಡಬ್ಬಕ್ಕೂ ಅದೇ ಪ್ರಶ್ನೆ ಕೇಳಬೇಕು. ಬೈಕಿಗೆ ಮಾತ್ರ ಹಾಕಬೇಡಿ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಡಬ್ಬದ ಒಳಗೆ ಏನಿರುತ್ತದೆ ನೋಡೋಣ. ಇಂಜಿನ್ ಆಯಿಲ್‌ನ ಬಹುಪಾಲು ಬರೀ ಎಣ್ಣೆ. ಅದಕ್ಕೆ ಬೇಸ್ ಆಯಿಲ್ ಅಂತಾರೆ. ಉಳಿದದ್ದು ಅಡಿಟಿವ್. ಸವೆತ ತಡೆಯೋಕೆ ಸತು ಮತ್ತು ರಂಜಕ ಸೇರಿದ ಒಂದು ರಾಸಾಯನಿಕ, ಕಿಟ್ಟ ತೊಳೆಯೋಕೆ ಒಂದು, ಮಸಿ ಗಂಟು ಕಟ್ಟದ ಹಾಗೆ ಎಣ್ಣೆಯಲ್ಲೇ ತೇಲಿಸಿ ಇಡೋಕೆ ಒಂದು, ನೊರೆ ಏಳದ ಹಾಗೆ ಒಂದು, ಬಿಸಿಗೆ ಆಯಿಲ್ ತೀರಾ ನೀರಾಗದ ಹಾಗೆ ಕಾಯೋಕೆ ಇನ್ನೊಂದು. ಬೇಸ್ ಆಯಿಲ್ ಎಷ್ಟೇ ಚೆನ್ನಾಗಿರಲಿ, ಈ ಮಿಶ್ರಣ ಇಲ್ಲದಿದ್ದರೆ ಇವತ್ತಿನ ಇಂಜಿನ್ ಹೆಚ್ಚು ದಿನ ಬಾಳುವುದಿಲ್ಲ.

ಪ್ರತಿ ಕಂಪನಿಯೂ ಈ ಮಿಶ್ರಣವನ್ನು ತಾನೇ ಗುಟ್ಟಾಗಿ ಮಾಡಿಕೊಳ್ಳುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಜಗತ್ತಿನ ಅಡಿಟಿವ್ ಮಿಶ್ರಣದ ಬಹುಪಾಲು ಬರುವುದು ನಾಲ್ಕು ಕಂಪನಿಗಳಿಂದ: ಲೂಬ್ರಿಝಾಲ್, ಇನ್ಫಿನಿಯಂ, ಆಫ್ಟನ್, ಶೆವ್ರಾನ್ ಒರೊನೈಟ್. ಇವರ ಹೆಸರು ಗಿರಾಕಿಗೆ ಎಲ್ಲೂ ಕಾಣುವುದಿಲ್ಲ. ಇನ್ಫಿನಿಯಂ ಅಂತೂ ಶೆಲ್ ಮತ್ತು ಎಕ್ಸಾನ್‌ಮೊಬಿಲ್ ಜೊತೆಯಾಗಿ ಕಟ್ಟಿದ್ದು. ಅಂಗಡಿಯ ಕಪಾಟಿನಲ್ಲಿ ಪೈಪೋಟಿಗೆ ನಿಂತಿರುವ ಎರಡು ಹೆಸರುಗಳು ಅಡಿಟಿವ್ ವಿಷಯದಲ್ಲಿ ಪಾಲುದಾರರು!

ಪರೀಕ್ಷೆಯೂ ಹೀಗೆಯೇ. ಡಬ್ಬದ ಹಿಂದೆ ‘ಎಪಿಐ ಎಸ್‌ಎನ್’, ‘ಎಪಿಐ ಎಸ್‌ಪಿ’ ಅಂತ ಇರುತ್ತದಲ್ಲ, ಅದು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಕೊಡುವ ದರ್ಜೆ. ಎರಡನೆಯ ಅಕ್ಷರ ಮುಂದೆ ಹೋದಷ್ಟೂ ದರ್ಜೆ ಹೊಸದು. ಎಸ್‌ಎನ್ ಬಂದದ್ದು 2010ರಲ್ಲಿ, ಎಸ್‌ಪಿ 2020ರಲ್ಲಿ, ಎಸ್‌ಕ್ಯೂ 2025ರಲ್ಲಿ. ಎಸ್‌ಪಿ ಅನ್ನಿಸಿಕೊಳ್ಳಬೇಕಾದರೆ ಆಯಿಲನ್ನು ನಿಜವಾದ ಇಂಜಿನ್‌ಗಳಿಗೆ ಹಾಕಿ ಓಡಿಸಬೇಕು. ಒಂದು ಪರೀಕ್ಷೆಯಲ್ಲಿ 90 ಗಂಟೆ ಬಿಸಿಯಲ್ಲಿ ಓಡಿಸಿ, ಆಯಿಲ್ ಎಷ್ಟು ಗಟ್ಟಿಯಾಯಿತು, ಪಿಸ್ಟನ್ ಮೇಲೆ ಎಷ್ಟು ಕಿಟ್ಟ ಕೂತಿತು ಅಂತ ಬಿಚ್ಚಿ ನೋಡುತ್ತಾರೆ. ಇನ್ನೊಂದರಲ್ಲಿ ಟೈಮಿಂಗ್ ಚೈನ್ ಸವೆದದ್ದನ್ನು ಅಳೆಯುತ್ತಾರೆ. ಕೆಸರು ಕಟ್ಟುವುದಕ್ಕೆ ಬೇರೆ, ವಾಲ್ವ್ ಕಡೆಯ ಸವೆತಕ್ಕೆ ಬೇರೆ.

ಇಷ್ಟೆಲ್ಲಾ ಮಾಡಿಸುವುದಕ್ಕೆ ಸಿಕ್ಕಾಪಟ್ಟೆ ಖರ್ಚು. ಅದಕ್ಕೇ ಸಾಮಾನ್ಯವಾಗಿ ಅಡಿಟಿವ್ ಕಂಪನಿಯೇ ಪರೀಕ್ಷೆ ಮಾಡಿಸಿ, ಪಾಸಾದ ಅಳತೆಯನ್ನು ಮಿಶ್ರಣದ ಜೊತೆಗೇ ಮಾರುತ್ತದೆ. ಈ ಬೇಸ್ ಆಯಿಲ್ ತಗೊಳ್ಳಿ, ನಮ್ಮ ಮಿಶ್ರಣ ಇಷ್ಟು ಪಾಲು ಹಾಕಿ, ಇಷ್ಟು ತೆಳುವಾಗಿ ಮಾಡಿ ಅಂತ. ಆ ಅಳತೆಗೆ ಸರಿಯಾಗಿ ಮಾಡಿದರೆ ಸಣ್ಣ ಕಂಪನಿಯೂ ಅದೇ ಲೈಸೆನ್ಸ್ ಪಡೆಯಬಹುದು. ಅದೇ ಸಾರಿನ ಪುಡಿ, ಅದೇ ಬೇಳೆ, ಅದೇ ಅಳತೆ. ಒಲೆ ಯಾರ ಮನೆಯದು ಅನ್ನುವುದಷ್ಟೇ ಬೇರೆ.

ನಿಮ್ಮ ಭಾವ ಹೇಳುವುದರ ಹಿಂದೆ ಇರುವುದು ಇದೇ. ಅಲ್ಲಿ ವಾಲ್‌ಮಾರ್ಟ್‌ನ ಸೂಪರ್ ಟೆಕ್, ಕಾಸ್ಟ್‌ಕೊದ ಕರ್ಕ್‌ಲ್ಯಾಂಡ್ ಅಂತ ಆಯಿಲ್ ಸಿಗುತ್ತದೆ. ಆ ಅಂಗಡಿಗಳು ತಾವೇ ಆಯಿಲ್ ಮಾಡುವುದಿಲ್ಲ. ವಾರನ್ ಡಿಸ್ಟ್ರಿಬ್ಯೂಷನ್‌ನಂಥ ಕಂಪನಿಗಳು ಮಾಡಿ, ಅಂಗಡಿಯ ಹೆಸರಿನ ಚೀಟಿ ಅಂಟಿಸಿ ಕೊಡುತ್ತವೆ. ಜಾಹೀರಾತಿನ ಖರ್ಚಿಲ್ಲ, ನಡುವೆ ಡೀಲರ್ ಇಲ್ಲ. ಬೆಲೆ ಇಳಿಯುವುದು ಅಲ್ಲಿ, ಎಣ್ಣೆಯಲ್ಲಿ ಅಲ್ಲ.

ನಮ್ಮಲ್ಲೂ ಇದು ಹೊಸದೇನಲ್ಲ. ಸರ್ವಿಸ್ ಸೆಂಟರಿನಲ್ಲಿ ಕಾರು ಕಂಪನಿಯ ಹೆಸರಿನ ‘ಜೆನ್ಯೂನ್ ಆಯಿಲ್’ ಹಾಕುತ್ತಾರಲ್ಲ, ಅದೂ ಇದೇ ಲೆಕ್ಕದ್ದು. ಆಯಿಲ್ ಕಂಪನಿ ಮಾಡಿಕೊಡುತ್ತದೆ, ಕಾರು ಕಂಪನಿ ತನ್ನ ಹೆಸರು ಹಾಕಿಕೊಳ್ಳುತ್ತದೆ. ಅದನ್ನು ಕಣ್ಣು ಮುಚ್ಚಿ ನಂಬುವವರು ಅಂಗಡಿ ಹೆಸರು ಕಂಡ ಕೂಡಲೇ ಹಿಂಜರಿಯುವುದಕ್ಕೆ ಕಾರಣ ಇಲ್ಲ.

ಹಾಗಂತ ಅಂಗಡಿಯವರ ಆಯಿಲೆಲ್ಲ ಒಳ್ಳೆಯದು ಅಂತಲೂ ಅಲ್ಲ. ಅಮೆರಿಕದಲ್ಲೇ ಒಂದು ಅಗ್ಗದ ಅಂಗಡಿ ಸರಣಿ ‘ಎಸ್‌ಎ’, ‘ಎಸ್‌ಎಫ್’ ದರ್ಜೆಯ ಆಯಿಲನ್ನು ತನ್ನ ಹೆಸರಿನಲ್ಲಿ ಮಾರಿ ಕೋರ್ಟಿಗೆ ಹೋಗಬೇಕಾಯಿತು. ಎಸ್‌ಎ ಅಂದರೆ 1930ರ ನಂತರದ ಹೆಚ್ಚಿನ ಪೆಟ್ರೋಲ್ ಕಾರುಗಳಿಗೆ ಆಗದ ಆಯಿಲ್ ಅಂತ ಎಪಿಐ ಹೇಳುತ್ತದೆ. ಎಸ್‌ಎಫ್ 1988ರ ನಂತರದವಕ್ಕೆ ಆಗುವುದಿಲ್ಲ. ಆ ಮಾತು ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದೇ ಇತ್ತು. ಮುಂದೆ ಮಾತ್ರ ‘ಮೋಟಾರ್ ಆಯಿಲ್’ ಅಂತ ದೊಡ್ಡದಾಗಿ. ಅದಕ್ಕೇ ನಾನು ಡಬ್ಬ ಕೈಗೆ ಬಂದ ಕೂಡಲೇ ತಿರುಗಿಸಿ ಹಿಂದಿನದನ್ನೇ ಮೊದಲು ಓದುವುದು.

‘ಫುಲ್ ಸಿಂಥೆಟಿಕ್’ ಅನ್ನುವ ಪದಕ್ಕೂ ತೀರಾ ಬೆಲೆ ಕೊಡಬೇಡಿ. ಒಂದು ಕಾಲದಲ್ಲಿ ಸಿಂಥೆಟಿಕ್ ಅಂದರೆ ರಾಸಾಯನಿಕವಾಗಿ ಕಟ್ಟಿದ ಎಣ್ಣೆ, ಪಿಎಒ ಅಂತಾರೆ. ಆಮೇಲೆ ಕಚ್ಚಾ ತೈಲವನ್ನೇ ಜೋರು ಒತ್ತಡದಲ್ಲಿ ಹೈಡ್ರೋಜನ್ ಕೊಟ್ಟು ಶುದ್ಧ ಮಾಡುವ ‘ಗ್ರೂಪ್ 3’ ಎಣ್ಣೆ ಬಂತು. ಅದನ್ನು ಸಿಂಥೆಟಿಕ್ ಅನ್ನಬಹುದಾ ಅಂತ ಮೊಬಿಲ್, ಕ್ಯಾಸ್ಟ್ರಾಲ್ ನಡುವೆ ಜಗಳವಾಗಿ, 1999ರಲ್ಲಿ ಅಮೆರಿಕದ ಜಾಹೀರಾತು ವಿಚಾರಣಾ ಮಂಡಳಿ ‘ಅನ್ನಬಹುದು’ ಅಂದಿತು. ಜರ್ಮನಿಯಲ್ಲಿ ಇವತ್ತಿಗೂ ಗ್ರೂಪ್ 3 ಎಣ್ಣೆಯನ್ನು ಪೂರ್ಣ ಸಿಂಥೆಟಿಕ್ ಅಂತ ಮಾರುವ ಹಾಗಿಲ್ಲ. ಹೀಗಾಗಿ ದೊಡ್ಡ ಹೆಸರಿನ ಡಬ್ಬದಲ್ಲೂ ಬಹಳ ಸಲ ಇರುವುದು ಗ್ರೂಪ್ 3 ಎಣ್ಣೆಯೇ. ಅಂಗಡಿಯವರದ್ದರಲ್ಲೂ ಅದೇ.

ಇದರಲ್ಲಿ ಬೇಜಾರು ಪಡುವಂಥದ್ದೇನೂ ಇಲ್ಲ. ಪಿಎಒ ಎಣ್ಣೆಯ ದೊಡ್ಡ ಶಕ್ತಿ ಕಾಣುವುದು ಕೊರೆಯುವ ಚಳಿಯಲ್ಲಿ. 5ಡಬ್ಲ್ಯು ಅಂದರೆ ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲೂ ಇಂಜಿನ್ ತಿರುಗುವಷ್ಟು ತೆಳುವಾಗಿರಬೇಕು ಅಂತ. ನಮ್ಮ ಮೈಸೂರಿನ ಜನವರಿ ಬೆಳಗಿಗೆ ಸ್ವೆಟರ್ ಸಾಕು. ನಮಗೆ ಬೇಕಾದದ್ದು ಏಪ್ರಿಲ್ ಬಿಸಿಲಲ್ಲಿ ಎಕ್ಸ್‌ಪ್ರೆಸ್‌ವೇ ಮೇಲೆ ಒಂದೇ ವೇಗದಲ್ಲಿ ಓಡುವಾಗ ಆಯಿಲ್ ತನ್ನ ದಪ್ಪ ಉಳಿಸಿಕೊಳ್ಳುವುದು. ಒಳ್ಳೆಯ ಗ್ರೂಪ್ 3 ಎಣ್ಣೆಗೆ ಅದು ಕಷ್ಟವೇ ಅಲ್ಲ.

ಬಣ್ಣವನ್ನೂ ನೋಡಬೇಡಿ. ಮಂಡ್ಯದವರಿಗೆ ಇದನ್ನು ಹೇಳುವುದು ಸುಲಭ. ಆಲೆಮನೆಯಲ್ಲಿ ಹೈಡ್ರೋಸ್ ಪುಡಿ ಹಾಕಿದರೆ ಬೆಲ್ಲ ಹೊಂಬಣ್ಣಕ್ಕೆ ತಿರುಗುತ್ತದೆ. ಏನೂ ಹಾಕದ ಬೆಲ್ಲ ಕಪ್ಪಗೇ ಇರುತ್ತದೆ. ಬಣ್ಣ ನೋಡಿ ಬೆಲ್ಲ ಕೊಳ್ಳಬೇಡಿ ಅಂತ ನೀವೇ ಊರಿನ ನೆಂಟರಿಗೆ ಹೇಳಿರುತ್ತೀರಿ, ಅಲ್ವಾ? ಆಯಿಲ್‌ನ ಕೆಂಪು, ಹಸಿರು ಕೂಡ ಸೇರಿಸಿದ ಬಣ್ಣ. ಸಾವಿರ ಕಿಲೋಮೀಟರಿಗೇ ಆಯಿಲ್ ಕಪ್ಪಾದರೆ ‘ಡೂಪ್ಲಿಕೇಟ್’ ಅಂತ ಗಾಬರಿ ಬೀಳುವವರಿದ್ದಾರೆ. ಒಳಗಿನ ಕಿಟ್ಟ ತೊಳೆದು ತನ್ನಲ್ಲಿ ಹಿಡಿದುಕೊಂಡರೆ ಅದು ಕಪ್ಪಾಗಲೇಬೇಕು. ನಾನು ಮೈಸೂರಿನ ಗ್ಯಾರೇಜಿಗೆ ಸೇರಿದಾಗ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಇನ್ನೂ ನಡೆಯುತ್ತಿತ್ತು. ಯೆಜ್ಡಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸುತ್ತಿದ್ದೆವು. ಹೊಗೆ ನೋಡಿ, ವಾಸನೆ ನೋಡಿ ಆಯಿಲ್ ಅಳೆಯುವುದು ಆಗ ನಡೆಯುತ್ತಿತ್ತು. ಇವತ್ತಿನ ಕಾರಿನ ಆಯಿಲನ್ನು ಕಣ್ಣು, ಮೂಗು, ಬೆರಳಿನಿಂದ ಅಳೆಯೋಕೆ ಆಗುವುದಿಲ್ಲ. ಬೆರಳಲ್ಲಿ ತಿಕ್ಕಿ ‘ಜಾರ್ತಾ ಇದೆ, ಒಳ್ಳೇದು’ ಅನ್ನುವವರ ಮಾತು ದಯವಿಟ್ಟು ನಂಬಬೇಡಿ.

ಇನ್ನು ನಿಮ್ಮ ಗ್ಯಾರೇಜಿನವರ ಭಯ. ಅದು ಎಲ್ಲಿಂದ ಬಂದಿರಬಹುದು ಅಂತ ನನಗೆ ಗೊತ್ತು.

ಕೆಲವು ವರ್ಷದ ಹಿಂದೆ ಶ್ರೀರಂಗಪಟ್ಟಣದ ಕಡೆಯಿಂದ ಒಂದು ಕಾರು ನನ್ನ ಹತ್ತಿರ ಬಂತು. ಸಿಗ್ನಲ್ಲಿನಲ್ಲಿ ನಿಂತಾಗೆಲ್ಲ ಆಯಿಲ್ ದೀಪ ಮಿಣುಕುತ್ತಿತ್ತು. ಟ್ಯಾಪೆಟ್ ಕವರ್ ಬಿಚ್ಚಿದೆ. ಕ್ಯಾಮ್‌ಶಾಫ್ಟ್ ಸುತ್ತ ಹುಚ್ಚೆಳ್ಳು ಚಟ್ನಿ ಮೆತ್ತಿದ ಹಾಗಿತ್ತು. ಸ್ಕ್ರೂಡ್ರೈವರ್‌ನಲ್ಲಿ ಕೆರೆದರೆ ಗಟ್ಟಿಯಾಗಿ ಎದ್ದು ಬರುತ್ತಿತ್ತು. ಕೆಳಗೆ ಆಯಿಲ್ ನಿಲ್ಲುವ ತೊಟ್ಟಿ, ಅಂದರೆ ಸಂಪ್ ಇಳಿಸಿದರೆ ಸ್ಟ್ರೈನರ್ ಜಾಲರಿ ಮುಕ್ಕಾಲು ಮುಚ್ಚಿಹೋಗಿತ್ತು. ‘ಎಷ್ಟು ವರ್ಷದಿಂದ ಆಯಿಲ್ ಬದಲಾಯಿಸಿಲ್ಲ?’ ಅಂತ ಕೇಳಿದೆ. ಅವರು ಪಾಪ, ಬಿಲ್ಲುಗಳನ್ನೆಲ್ಲ ತೆಗೆದು ಮುಂದಿಟ್ಟರು. ಎಂಟು ಸಾವಿರ ಕಿಲೋಮೀಟರಿಗೆ ಒಂದು ಸಲ, ತಪ್ಪದೆ. ಅದೂ ದೊಡ್ಡ ಹೆಸರಿನ ಆಯಿಲ್. ಡಿಕ್ಕಿಯಲ್ಲಿ ಅದರ ಎರಡು ಡಬ್ಬ ಇದ್ದವು, ಒಂದು ಖಾಲಿ, ಒಂದು ತುಂಬಿದ್ದು. ಒಂದನ್ನು ಕೊಂಡು ಆರು ತಿಂಗಳಾಗಿತ್ತು, ಇನ್ನೊಂದು ಹೊಸದು. ಎರಡರ ಮೇಲೂ ಒಂದೇ ಬ್ಯಾಚ್ ನಂಬರ್, ಒಂದೇ ತಾರೀಖು. ತುಂಬಿದ ಡಬ್ಬದ ಮುಚ್ಚಳ ತೆಗೆದರೆ ಒಳಗಿನ ಬೆಳ್ಳಿ ಸೀಲು ಒಂದು ಮೂಲೆ ಎತ್ತಿದ ಕೂಡಲೇ ಚೀಟಿಯ ಹಾಗೆ ಬಿಟ್ಟುಕೊಂಡಿತು. ನನಗೆ ಗೊತ್ತಿದ್ದ ಡೀಲರ್ ಹತ್ತಿರ ಅದೇ ಹೆಸರಿನ ಡಬ್ಬ ತರಿಸಿ ಪಕ್ಕದಲ್ಲಿಟ್ಟೆ. ಅದರ ಸೀಲು ಬಾಯಿಗೆ ಬೆಸೆದುಕೊಂಡಿತ್ತು, ಹರಿಯದೆ ಬರಲಿಲ್ಲ.

ಅವರು ತಪ್ಪೇನೂ ಮಾಡಿರಲಿಲ್ಲ. ಹೊತ್ತಿಗೆ ಸರಿಯಾಗಿ, ಪೂರಾ ದುಡ್ಡು ಕೊಟ್ಟು, ಹೆಸರು ನೋಡಿಯೇ ಕೊಂಡಿದ್ದರು. ಆ ಇಂಜಿನ್ ಬಿಚ್ಚಿ ತೊಳೆದು ಕಟ್ಟಲು ಆದ ಖರ್ಚಿನಲ್ಲಿ ಹಲವಾರು ವರ್ಷದ ಆಯಿಲ್ ಬರುತ್ತಿತ್ತು. ನನಗೆ ಇವತ್ತಿಗೂ ಅದು ನೆನಪಾದರೆ ಹೊಟ್ಟೆ ಉರಿಯುತ್ತದೆ. ನಕಲಿ ಮಾಡುವವರು ಹೆಸರಿಲ್ಲದ ಡಬ್ಬವನ್ನು ಯಾಕೆ ನಕಲು ಮಾಡುತ್ತಾರೆ? ಅವರಿಗೆ ಬೇಕಾದದ್ದು ಹೆಸರೇ. ಖಾಲಿ ಡಬ್ಬ ಗುಜರಿಯಿಂದ ಸಿಗುತ್ತದೆ, ಒಳಗೆ ತುಂಬೋಕೆ ಸೋಸಿದ ಹಳೇ ಆಯಿಲ್ ಸಿಗುತ್ತದೆ. ಹಾಗಾಗಿ ದೊಡ್ಡ ಹೆಸರು ಕೊಂಡರೆ ಕ್ಷೇಮ ಅನ್ನುವ ನಂಬಿಕೆ ನಮ್ಮ ಊರುಗಳಲ್ಲಿ ಅರ್ಧ ಮಾತ್ರ ಸರಿ. ಹೆಸರಿನಷ್ಟೇ ಮುಖ್ಯ, ಆ ಡಬ್ಬ ನಿಮ್ಮ ಕೈಗೆ ಯಾವ ದಾರಿಯಲ್ಲಿ ಬಂತು ಅನ್ನುವುದು. ಅಂಗಡಿಯವರು ತಮ್ಮ ಹೆಸರಿನ ಆಯಿಲನ್ನು ತಮ್ಮ ಗೋದಾಮಿನಿಂದ ನೇರ ಕಳಿಸಿದರೆ ಆ ದಾರಿ ಚಿಕ್ಕದು. ಅದು ನಿಮ್ಮ ಪರವಾಗಿರುವ ಅಂಶ.

ಈಗ ನೀವು ಆರಿಸಿರುವ ಆಯಿಲ್‌ನ ಡಬ್ಬದ ಹಿಂಭಾಗದ ಫೋಟೋ ಹಾಕಿದ್ದಾರಾ ನೋಡಿ. ಹಾಕಿಲ್ಲದಿದ್ದರೆ ಕೊಳ್ಳಬೇಡಿ, ಅಲ್ಲಿಗೆ ಮುಗಿಯಿತು. ಹಾಕಿದ್ದರೆ ಮೊದಲು 5ಡಬ್ಲ್ಯು-30 ಇದೆಯಾ ನೋಡಿ, ಆಮೇಲೆ ದರ್ಜೆ. ನಿಮ್ಮ ಕಾರಿಗೆ ಎಸ್‌ಎನ್ ಅಥವಾ ಅದಕ್ಕಿಂತ ಹೊಸದು ಇದ್ದರೆ ಸಾಕು. ಅದು ಹೇಗೆ ಬರೆದಿದೆ ಅನ್ನುವುದನ್ನು ನಿಧಾನವಾಗಿ ಓದಿ. ‘ಎಸ್‌ಪಿ ಮಟ್ಟಕ್ಕೆ ತಕ್ಕದ್ದು’ ಅಂತ ಯಾರು ಬೇಕಾದರೂ ಅಚ್ಚು ಹಾಕಬಹುದು. ಲೈಸೆನ್ಸ್ ಪಡೆದ ಆಯಿಲ್‌ಗೆ ಉದ್ದಿನ ವಡೆಯ ಹಾಗೆ ದುಂಡಗಿನ ಎಪಿಐ ಮುದ್ರೆ ಇರುತ್ತದೆ. ಮೇಲಿನ ಬಳೆಯಲ್ಲಿ ದರ್ಜೆ, ನಡುವೆ 5ಡಬ್ಲ್ಯು-30. ಲೈಸೆನ್ಸ್ ಇರುವವರ ಪಟ್ಟಿಯನ್ನು ಎಪಿಐ ತನ್ನ ವೆಬ್‌ಸೈಟಿನಲ್ಲಿ ಇಟ್ಟಿದೆ, ಹೆಸರು ಹಾಕಿ ಹುಡುಕಿದರೆ ಎರಡು ನಿಮಿಷದ ಕೆಲಸ.

ನಮ್ಮಲ್ಲಿ ಮುದ್ರೆ ಹಾಕಿಸದ ಒಳ್ಳೆಯ ಆಯಿಲೂ ಇವೆ. ಆಗ ನಾನು ನೋಡುವುದು ‘ತಯಾರಿಸಿದವರು’ ಅನ್ನುವ ಸಾಲು. ಪ್ಯಾಕ್ ಮಾಡಿ ಮಾರುವ ಸಾಮಾನಿನ ಮೇಲೆ ತಯಾರಕರ ಹೆಸರು, ವಿಳಾಸ, ತಯಾರಾದ ತಿಂಗಳು, ಅಳತೆ, ಎಂಆರ್‌ಪಿ ಇರಲೇಬೇಕು ಅಂತ 2011ರ ನಿಯಮ ಇದೆ. ಅಲ್ಲಿ ಗೊತ್ತಿರುವ ಆಯಿಲ್ ಕಂಪನಿಯ ಹೆಸರು ಇದ್ದರೆ ಧೈರ್ಯವಾಗಿ ಕೊಳ್ಳಿ. ಬರೀ ‘ಮಾರಾಟ ಮಾಡುವವರು’ ಅಂತಷ್ಟೇ ಇದ್ದು ತಯಾರಿಸಿದವರ ಸುಳಿವೇ ಇಲ್ಲದಿದ್ದರೆ ಬಿಟ್ಟುಬಿಡಿ. ಅರ್ಧ ಬೆಲೆಗೂ ಬೇಡ.

ಅನುಮಾನ ಹೋಗದಿದ್ದರೆ ಇನ್ನೊಂದು ದಾರಿ ಇದೆ. ಇಂಡಿಯನ್ ಆಯಿಲ್‌ನವರ ಸರ್ವೊ, ಭಾರತ್ ಪೆಟ್ರೋಲಿಯಂನವರ ಮ್ಯಾಕ್, ಹಿಂದೂಸ್ತಾನ್ ಪೆಟ್ರೋಲಿಯಂನವರ ಎಚ್‌ಪಿ ಆಯಿಲ್. ಅವರವರ ಬಂಕಿನಲ್ಲೇ ಡಬ್ಬ ಸಿಗುತ್ತದೆ. ಬಿಲ್ಲು ಕೇಳಿ ಪಡೆಯಿರಿ. ಇದು ಸರ್ಕಾರಿ ಕಂಪನಿ ಆಯಿಲ್ ಅಂತ ಮೂಗು ಮುರಿಯುವವರಿದ್ದಾರೆ, ಅದು ಸುಮ್ನೆ ಮಾತು.

ಹಾಗಾದರೆ ದೊಡ್ಡ ಹೆಸರಿಗೆ ಕೊಡುವ ಹೆಚ್ಚಿನ ದುಡ್ಡು ಯಾವತ್ತೂ ದಂಡವಾ? ಇಲ್ಲ. ಎಪಿಐ ದರ್ಜೆ ಅಂದರೆ ಪಾಸ್ ಮಾರ್ಕು. ಕೆಲವು ಕಂಪನಿಗಳ ಮೇಲ್ದರ್ಜೆಯ ಆಯಿಲ್ ಪಾಸ್ ಮಾರ್ಕಿಗಿಂತ ಬಹಳ ಮೇಲಿರುತ್ತದೆ. ಟರ್ಬೊ ಪೆಟ್ರೋಲ್ ಕಾರಿದ್ದರೆ, ಗಾಡಿಯ ಪುಸ್ತಕದಲ್ಲಿ ಜರ್ಮನ್ ಕಂಪನಿಯ ಸ್ವಂತ ಅನುಮೋದನೆ ನಂಬರ್ ಕೇಳಿದ್ದರೆ, ಹೊಗೆ ಸೋಸುವ ಫಿಲ್ಟರ್ ಇರುವ ಬಿಎಸ್6 ಡೀಸೆಲ್ ಆಗಿದ್ದರೆ ನಾನು ಅಗ್ಗದ್ದರ ಕಡೆ ತಿರುಗಿಯೂ ನೋಡುವುದಿಲ್ಲ. ಆ ಡೀಸೆಲ್ ಫಿಲ್ಟರ್‌ಗೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ವಾರಂಟಿ ಇರುವವರೆಗೂ ಕಂಪನಿ ಹೇಳಿದ ಕಡೆ, ಹೇಳಿದ ಆಯಿಲ್ಲೇ ಹಾಕಿಸುವುದು ಒಳ್ಳೆಯದು. ನಿಮ್ಮ ಕಾರು ಇದ್ಯಾವ ಸಾಲಿಗೂ ಸೇರುವುದಿಲ್ಲ.

ಅದಲ್ಲದೆ ನಿಮ್ಮ ಓಡಾಟ ಇಂಜಿನ್‌ಗೆ ಹಿತವಾದದ್ದು. ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್ ಬರುವಷ್ಟರಲ್ಲಿ ಆಯಿಲ್ ಪೂರಾ ಬಿಸಿಯಾಗಿ ಒಳಗಿನ ತೇವ, ಪೆಟ್ರೋಲಿನ ಅಂಶ ಆರಿಹೋಗುತ್ತದೆ. ಸರಸ್ವತಿಪುರಂನಿಂದ ಮಾರ್ಕೆಟ್‌ಗೆ ದಿನಾ ಮೂರು ಕಿಲೋಮೀಟರ್ ಹೋಗಿ ಬರುವ ಕಾರಿನ ಆಯಿಲ್ ನಿಮ್ಮದಕ್ಕಿಂತ ಬೇಗ ಕೆಡುತ್ತದೆ. ಆದರೂ ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಬದಲಾಯಿಸಿ. ಗಾಡಿಯ ಪುಸ್ತಕ ಅದಕ್ಕಿಂತ ಬೇಗ ಅಂದರೆ ಅದನ್ನೇ ಕೇಳಿ. ಉಳಿಸಿದ ದುಡ್ಡಿನಲ್ಲಿ ಒಳ್ಳೆಯ ಆಯಿಲ್ ಫಿಲ್ಟರ್, ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿಸಿ. ಆಯಿಲ್ ಒಳ್ಳೆಯದು ತಂದು ಫಿಲ್ಟರ್ ಹಳೆಯದೇ ಬಿಡುವವರನ್ನು ನಾನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ.

ಮೊದಲ ಸಲ ಈ ಆಯಿಲ್ ಹಾಕಿದ ಮೇಲೆ ಸಾವಿರ ಕಿಲೋಮೀಟರಿಗೊಮ್ಮೆ, ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ, ಸಮ ನೆಲದಲ್ಲಿ ಡಿಪ್‌ಸ್ಟಿಕ್ ಎಳೆದು ನೋಡಿ, ಒಂದು ಕಡೆ ಬರೆದಿಡಿ. ಕೀಳು ಎಣ್ಣೆ ಬಿಸಿಗೆ ಬೇಗ ಆವಿಯಾಗುತ್ತದೆ. 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ನೂರಕ್ಕೆ 15 ಪಾಲಿಗಿಂತ ಜಾಸ್ತಿ ಹೋಗಬಾರದು ಅಂತ ಎಸ್‌ಪಿ ದರ್ಜೆಯ 5ಡಬ್ಲ್ಯು-30ಕ್ಕೆ ಮಿತಿ ಇದೆ. ಹಳೆಯ ಆಯಿಲ್ ಇಳಿಯುತ್ತಿದ್ದಷ್ಟೇ ಇದೂ ಇಳಿದರೆ ನೆಮ್ಮದಿಯಾಗಿರಿ. ಎದ್ದು ಕಾಣುವಷ್ಟು ಜಾಸ್ತಿ ಇಳಿದರೆ, ಎಲ್ಲೂ ಸೋರಿಕೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಆ ಆಯಿಲನ್ನು ಮತ್ತೆ ಕೊಳ್ಳಬೇಡಿ.

ಇನ್ನು ಬೈಕು. ಕಾರಿನ ಕ್ಲಚ್ ಒಣಗಿರುತ್ತದೆ, ಇಂಜಿನ್ ಆಯಿಲ್‌ಗೂ ಅದಕ್ಕೂ ಸಂಬಂಧ ಇಲ್ಲ. ಗೇರಿನ ಬೈಕುಗಳಲ್ಲಿ ಸಾಮಾನ್ಯವಾಗಿ ಇಂಜಿನ್, ಗೇರು, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಕ್ಲಚ್ ಪ್ಲೇಟು ಅದರಲ್ಲೇ ಮುಳುಗಿರುತ್ತದೆ. ಕಾರಿನ 5ಡಬ್ಲ್ಯು-30 ಆಯಿಲ್‌ಗಳಿಗೆ ಪೆಟ್ರೋಲ್ ಉಳಿಸಲಿ ಅಂತ ಜಾರಿಕೆ ಹೆಚ್ಚಿಸುವ ಅಂಶ ಸೇರಿಸಿರುತ್ತಾರೆ. ಅದು ಬೈಕಿನ ಕ್ಲಚ್ಚನ್ನೂ ಜಾರಿಸುತ್ತದೆ. ಕಾರಿಗೆ ತಂದು ಉಳಿದಿದ್ದ ಆಯಿಲನ್ನೇ ಬೈಕಿಗೆ ಸುರಿದ ಒಬ್ಬ ಹುಡುಗ ಚಾಮುಂಡಿ ಬೆಟ್ಟ ಹತ್ತಲಾರದೆ ಅರ್ಧದಿಂದ ತಿರುಗಿ ನನ್ನ ಹತ್ತಿರ ಬಂದಿದ್ದ. ರೇಸ್ ಕೊಟ್ಟರೆ ಸೌಂಡ್ ಏರುತ್ತಿತ್ತು, ಗಾಡಿ ಎಳೆಯುತ್ತಿರಲಿಲ್ಲ. ಆಯಿಲ್ ಬದಲಾಯಿಸಿದರೂ ಸರಿಹೋಗದೆ ಕೊನೆಗೆ ಕ್ಲಚ್ ಪ್ಲೇಟನ್ನೇ ಹೊಸದು ಹಾಕಬೇಕಾಯಿತು. ಬೈಕಿನ ಆಯಿಲ್ ಡಬ್ಬದ ಮೇಲೆ ‘ಜಾಸೊ ಎಂಎ’ ಅಥವಾ ‘ಎಂಎ2’ ಅಂತ ಇರಬೇಕು. ‘ಎಂಬಿ’ ಅಂತ ಇದ್ದರೆ ಅದು ಗೇರಿಲ್ಲದ ಸ್ಕೂಟರಿಗೆ.

ಉಳಿಯುವ 400 ಮಿಲಿಲೀಟರನ್ನು ಚೆಲ್ಲಬೇಡಿ. ಮುಚ್ಚಳ ಬಿಗಿ ಮಾಡಿ, ತೆರೆದ ತಾರೀಖು ಡಬ್ಬದ ಮೇಲೆ ಬರೆದು, ಬಿಸಿಲು ಬೀಳದ ಕಡೆ ಇಡಿ. ವರ್ಷದ ನಡುವೆ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಇಳಿದಾಗ ಅದನ್ನೇ ತುಂಬಿಕೊಳ್ಳಿ. ಡಬ್ಬ ಖಾಲಿಯಾದ ಮೇಲೆ ಗುಜರಿಗೆ ಹಾಕುವ ಮೊದಲು ತಳಕ್ಕೂ ಪಕ್ಕಕ್ಕೂ ಸ್ಕ್ರೂಡ್ರೈವರ್‌ನಿಂದ ನಾಲ್ಕು ತೂತು ಹೊಡೆಯಿರಿ. ಗ್ಯಾರೇಜಿನಲ್ಲೇ ಖಾಲಿ ಮಾಡಿದರೆ, ನಿಮ್ಮ ಕಣ್ಣೆದುರೇ ತೂತು ಹೊಡೆದುಕೊಡಿ ಅಂತ ಕೇಳಿ.